ಕೆಂಪು ದಾರ ಕಟ್ಟಿದ ಆಟ

ಮಗಳೇ,

ಹೊಲಿಗೆ ಅಂಗಡಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನು.

ಟಿ.ವಿ. ಪಕ್ಕದ ವಿಡಿಯೋ ಗೇಮ್ ಡಬ್ಬಿಗಳನ್ನು ಮುಟ್ಟುವ ಮುಂಚೆ ಇದನ್ನು ಓದು. ಕೆಂಪು ದಾರ ಕಟ್ಟಿದ್ದರೆ ಆ ಆಟ ನಾನಿನ್ನೂ ಆಡುತ್ತಿದ್ದೇನೆ ಅಂತ. ಮುಗಿದ ಮೇಲೆ ದಾರ ಕತ್ತರಿಸಿ ಡಬ್ಬಿಯನ್ನು ಮೇಲಿನ ಸಾಲಿಗೆ ಏರಿಸಬೇಕು. ಶುರು ಮಾಡಿದ ಕೈಯೇ ಮುಗಿಸಬೇಕು.

ನಿನ್ನೆ ನಾನು ಒಲೆ ಆರಿಸಲು ಎದ್ದು ಹೋದರೆ, ಅಷ್ಟರಲ್ಲಿ ಕೊನೆಯ ರಾಕ್ಷಸನನ್ನು ನೀನೇ ಕೊಂದು, "ಅಮ್ಮಾ, ನಿನ್ನ ಆಟ ಮುಗೀತು!" ಅಂತ ದಾರ ಕತ್ತರಿಸಿಬಿಟ್ಟೆ. ಪ್ರೀತಿಯಿಂದಲೇ ಮಾಡಿದೆ, ಗೊತ್ತು. ಆದರೂ ಮೈಯೆಲ್ಲ ಉರಿಯಿತು. ಬೇರೆಯವರು ಹೊಲಿದ ಅಂಗಿಯನ್ನು ನಾನೇ ಹೊಲಿದೆ ಅಂತ ಗಿರಾಕಿಗೆ ಕೊಡುತ್ತೇನೇನೇ?

ಅದಕ್ಕೇ ಹೊಸ ದಾರ ಕಟ್ಟಿ, ಆ ಕಾಳಗವನ್ನು ಮೊದಲಿಂದ ಆಡಿದೆ. ಇವತ್ತು ಬೆಳಿಗ್ಗೆ ನೀನು ಗೊರಕೆ ಹೊಡೆಯುತ್ತಿದ್ದಾಗ ರಾಕ್ಷಸ ನನ್ನ ಕೈಯಲ್ಲೇ ಮಣ್ಣು ಮುಕ್ಕಿದ! ನೆಗೆಯೋಕೆ ಒತ್ತೋ ಗುಂಡಿ ಯಾವುದೇ ಅಂತ ನಿನ್ನನ್ನು ಗೋಳುಹೊಯ್ದುಕೊಳ್ಳುತ್ತಿದ್ದ ಇದೇ ಅಮ್ಮನ ಕೈಯಲ್ಲಿ!

ದಾರ ಹಾಗೇ ಬಿಟ್ಟಿದ್ದೇನೆ. ಆಟದ ರಿಮೋಟು ಹಿಡಿಯಲು ಕಲಿಸಿದವಳು ನೀನು, ಈ ಸಲ ನೀನೇ ಕತ್ತರಿಸು. ಡಬ್ಬಿಯ ಮೇಲೆ ನನ್ನ ಬಟ್ಟೆ ಕತ್ತರಿ ಇದೆ. ಹೌದು, ಯಾರಾದರೂ ಮುಟ್ಟಿದರೆ ಮನೆಯೇ ಹಾರಿಹೋಗುವ ಹಾಗೆ ಕೂಗಾಡುತ್ತೇನಲ್ಲ, ಅದೇ ಕತ್ತರಿ.

ಅಮ್ಮ