ಒಂದೇ ಭಾಷೆಯ ಮನೆ

ಗಿಂಡಿ, ಚೆನ್ನೈ
ಬುಧವಾರ, ೧೯ ಜುಲೈ ೨೦೦೦

ಪ್ರೀತಿಯ ಅಮ್ಮನಿಗೆ, ವಿಶ್ವಾರಾಧ್ಯನ ನಮಸ್ಕಾರಗಳು.

ನಿನ್ನ ಮಂಡಿ ನೋವು ಹೇಗಿದೆ? ಭವಾನಿ ಕಳಿಸಿದ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಅದನ್ನೂ ಪಕ್ಕದ ಮನೆಯವರಿಗೆ ದಾನ ಮಾಡಿದೆಯೋ? ಎದುರು ಮನೆಯವರ ಫೋನು ಕೆಟ್ಟು ಹದಿನೈದು ದಿನವಾಯಿತು ಎಂದು ನೀನು ಬರೆದಿದ್ದ ಕಾರ್ಡು ಸೋಮವಾರ ಸಿಕ್ಕಿತು. ನಮ್ಮ ಕಾರ್ಖಾನೆಯಲ್ಲಿ ಸದಾನಂದ ಎಂಬ ತಿಪಟೂರಿನವರೇ ಒಬ್ಬರಿದ್ದಾರೆ. ಇಂದು ಸಂಜೆಯ ರೈಲಿಗೆ ಊರಿಗೆ ಹೊರಟಿದ್ದಾರೆ, ಈ ಪತ್ರವನ್ನು ನಾಳೆ ನಿನ್ನ ಕೈಗೇ ತಲುಪಿಸುತ್ತಾರೆ. ಊಟದ ಬಿಡುವಿನಲ್ಲಿ ಆಫೀಸಿನ ಮೇಜಿನ ಮೇಲೆ ಬರೆಯುತ್ತಿದ್ದೇನೆ. ದಿನವೆಲ್ಲ ಇಂಗ್ಲಿಷು, ಮನೆಗೆ ಹೋದರೆ ತಮಿಳು. ಕನ್ನಡ ಬರೆದು ಎಷ್ಟು ಕಾಲವಾಯಿತೆಂದರೆ ಒತ್ತಕ್ಷರ ಹಾಕುವಾಗ ಕೈ ಒಂದು ಕ್ಷಣ ನಿಂತು ಯೋಚಿಸುತ್ತದೆ. ಓದುವಾಗ ನಗಬೇಡ.

ಭವಾನಿಗೆ ಏಳನೆಯ ತಿಂಗಳು ನಡೆಯುತ್ತಿದೆ. ರಕ್ತದ ಒತ್ತಡ ಏರಿರುವುದರಿಂದ ಡಾಕ್ಟರು ಮಂಚ ಬಿಟ್ಟು ಏಳಬಾರದು, ಭಾರ ಎತ್ತಲೇಬಾರದು ಎಂದಿದ್ದಾರೆ. ನಮ್ಮ ಮನೆಯಲ್ಲಿ ಭಾರ ಎಂದರೆ ನಿಶಾಂತನೇ. ಏಳು ವರ್ಷದ ಹುಡುಗ, ಹದಿನೆಂಟು ಕೆ.ಜಿ. ಬಚ್ಚಲಿಗೆ ಎತ್ತಬೇಕು, ಊಟಕ್ಕೆ ಎತ್ತಬೇಕು, ಮಗ್ಗುಲು ಬದಲಿಸಲೂ ಎತ್ತಬೇಕು. ನಾನು ಬೆಳಿಗ್ಗೆ ಎಂಟಕ್ಕೆ ಅಣ್ಣಾ ನಗರ ಬಿಟ್ಟರೆ ಮರಳುವುದು ರಾತ್ರಿಯೇ. ಇದನ್ನೆಲ್ಲ ತಿಳಿದೇ ನೀನು 'ನಾನು ಬರ್ತೀನಿ' ಎಂದು ಬರೆದಿದ್ದೀಯ. ಬೇಡಮ್ಮ. ಬೇಸರ ಮಾಡಿಕೊಳ್ಳದೆ ಕಾರಣ ಕೇಳು. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಬಿಗಿದ, ಮಾತು ಹೊರಡದ ಮಗುವಿನ ಕಿವಿಗೆ ಒಂದೇ ಭಾಷೆ ಬೀಳಬೇಕು, ಎರಡು ಬಿದ್ದರೆ ಒಂದೂ ಬರುವುದಿಲ್ಲ ಎಂದು ಮಾತು ಕಲಿಸುವ ಡಾಕ್ಟರು ಎರಡು ವರ್ಷದ ಹಿಂದೆ ಹೇಳಿದರಲ್ಲ. ಶಾಲೆ ತಮಿಳಾದ ಮೇಲೆ ಮನೆಯೂ ತಮಿಳಾಗಬೇಕಾಯಿತು. ನಿನಗೆ ವಣಕ್ಕಂ ಬಿಟ್ಟರೆ ಬೇರೆ ತಮಿಳು ಬಾರದು. ಐದು ವರ್ಷ ಅವನನ್ನು ಮಡಿಲಲ್ಲಿ ಸಾಕಿದ ನಿನ್ನನ್ನು ನಾನೇ ರೈಲು ಹತ್ತಿಸಿದೆ. 'ನನ್ ಮೊಮ್ಮಗನ್ ಹತ್ರ ಮಾತಾಡಕ್ಕೂ ಡಾಕ್ಟ್ರು ಚೀಟಿ ಬರ್ಕೊಡ್ಬೇಕೇನೋ' ಎಂದು ನೀನು ಕಿಟಕಿಯಿಂದ ಕೇಳಿದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಆದರೆ ಅವನ ಒಳ್ಳೆಯದಕ್ಕಲ್ಲವೇ ಮಾಡಿದ್ದು? ಈಗ ನೀನು ಬಂದರೆ ಎರಡು ವರ್ಷದ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಆದ್ದರಿಂದ ಹೆರಿಗೆಯಾಗುವವರೆಗೆ ಅವನನ್ನು ಎಣ್ಣೂರಿನ ಕಡೆ ಇರುವ ಒಂದು ವಸತಿ ಶಾಲೆಯಲ್ಲಿ ಬಿಟ್ಟಿದ್ದೇವೆ. ಹೋದ ಭಾನುವಾರ ನಾನೇ ಕರೆದುಕೊಂಡು ಹೋಗಿ ಸೇರಿಸಿ ಬಂದೆ. ಮೂರು ತಿಂಗಳ ಮಾತು, ಅಷ್ಟೆ. ನೀನು ಕಣ್ಣೀರು ಹಾಕುತ್ತೀಯ ಎಂದು ಗೊತ್ತು, ಅದಕ್ಕೇ ಮೊದಲೇ ತಿಳಿಸಲಿಲ್ಲ. ಜಾಗ ತುಂಬ ಶಿಸ್ತಾಗಿದೆ. ವಿದ್ಯುತ್ ಸ್ಥಾವರ ಹತ್ತಿರವಿರುವುದರಿಂದ ಕಿಟಕಿಯ ಮೇಲೆಲ್ಲ ಬೂದಿ ಕೂರುತ್ತದೆ, ಅದೊಂದು ತೊಂದರೆ. ಆದರೆ ಮೂವತ್ತು ಮಕ್ಕಳಿದ್ದಾರೆ ನೋಡು, ಉದ್ದನೆಯ ಹಜಾರದಲ್ಲಿ ಗೋಡೆಗೆ ಮುಖ ಮಾಡಿ ಸಾಲಾಗಿ ಕೂತಿರುತ್ತಾರೆ, ಒಂದು ಸದ್ದಿಲ್ಲ. ನಮ್ಮ ಮನೆಯ ಒಂದು ಮಗುವಿನ ಗಲಾಟೆಗೆ ಮೇಲಿನ ಮಹಡಿಯವರು ಬಾಗಿಲು ಬಡಿಯುತ್ತಿದ್ದರು. ಗೋಡೆ ಯಾಕೆ ಎಂದು ಕೇಳಿದೆ. ಬಾಗಿಲ ಕಡೆ ಕೂರಿಸಿದರೆ ಅಪ್ಪ ಅಮ್ಮ ಬರುತ್ತಾರೆಂದು ಕಾಯುತ್ತಾರೆ ಎಂದರು. ಮೊದಲ ಹದಿನೈದು ದಿನ ಯಾರೂ ನೋಡಲು ಹೋಗುವಂತಿಲ್ಲ, ಮಕ್ಕಳು ಹೊಂದಿಕೊಳ್ಳಬೇಕಲ್ಲ. ಅಲ್ಲಿಯ ಮೇಲ್ವಿಚಾರಕಿ ಕೌಸಲ್ಯಾ ಎಂಬವರು ದಿನವೂ ಮಧ್ಯಾಹ್ನ ಫೋನಿನಲ್ಲಿ ಸಮಾಚಾರ ತಿಳಿಸುತ್ತಾರೆ.

ಅವನ ಕುರ್ಚಿಯನ್ನೂ ಅಲ್ಲಿಗೆ ಸಾಗಿಸಿದೆ. ಕುರ್ಚಿಯ ವಿಷಯ ನಿನಗೆ ಬರೆದೇ ಇಲ್ಲ. ಅವನ ತಲೆ ಎದೆಯ ಮೇಲೆ ವಾಲಿಬಿಡುತ್ತಿತ್ತಲ್ಲ, ಅದಕ್ಕಾಗಿ ಮಾರ್ಚಿಯಲ್ಲಿ ನಮ್ಮ ಕಾರ್ಖಾನೆಯಲ್ಲೇ ಒಂದು ಕುರ್ಚಿ ಮಾಡಿಸಿದೆ. ನಕ್ಷೆ ನನ್ನದೇ. ಗದ್ದದ ಕೆಳಗೆ ಹಾಯ್ದು ಹಿಂದೆ ಕೊಕ್ಕೆಗೆ ಸಿಕ್ಕುವ ಚರ್ಮದ ಪಟ್ಟಿ, ಒಳಗೆ ಮೆತ್ತೆ. ಈಗ ನಮ್ಮ ಹುಡುಗ ದೊರೆಯ ಹಾಗೆ ತಲೆಯೆತ್ತಿ ಕೂರುತ್ತಾನೆ. ಅವನು ಮುಂದಕ್ಕೆ ಜಾರುತ್ತಾನೆಂದು ಭವಾನಿ ತೊಡೆಯ ಕೆಳಗೆ ಒಂದು ಚಾದರ ಸುತ್ತಿ ಇಡುತ್ತಿದ್ದಳು. ಸೀಟಿನ ಇಳಿಜಾರನ್ನು ಲೆಕ್ಕ ಹಾಕಿಯೇ ಮಾಡಿಸಿದ್ದೇನೆ, ಜಾರುವುದಿಲ್ಲ ಎಂದರೂ ಕೇಳುತ್ತಿರಲಿಲ್ಲ. ಭಾನುವಾರ ಆ ಚಾದರವನ್ನೂ ಕಳಿಸಿದ್ದಳು. ಕೌಸಲ್ಯಾ ಅವರು 'ಇದೆಲ್ಲಾಂ ವೇಂಡಾಂ ಸಾರ್, ಎಡುತ್ತುಟ್ಟು ಪೋಂಗ' ಎಂದು ನನ್ನ ಕೈಗೇ ವಾಪಸು ಕೊಟ್ಟರು. ಮನೆಗೆ ತಂದಾಗ ಭವಾನಿ ಅದನ್ನು ಎದೆಗವಚಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಈ ಸ್ಥಿತಿಯಲ್ಲಿ ಹೆಂಗಸರ ಮನಸ್ಸು ಸೂಕ್ಷ್ಮ, ನಿನಗೆ ಗೊತ್ತಲ್ಲ.

ಈಗ ಸಂತೋಷದ ಸಮಾಚಾರ. ನಿಶಾಂತನಿಗೆ ಮಾತು ಬಂದಿದೆ. ಅಪ್ಪ, ಅಮ್ಮ ಎಂಬ ಶಬ್ದಗಳಲ್ಲ, ಸರಿಯಾದ ಕ್ರಿಯಾಪದ, ಅದೂ ತಮಿಳಿನಲ್ಲಿ. ಕಿರುಚು ಎಂಬ ಅರ್ಥದ ಪದ. ಮಾರ್ಚಿ ಕೊನೆಯಲ್ಲಿ ಒಂದು ದಿನ ಕುರ್ಚಿಯಲ್ಲಿ ಕೂತವನು ಬಾಯಿ ಸೊಟ್ಟ ಮಾಡಿ, ಬಹಳ ಕಷ್ಟಪಟ್ಟು ಆ ಪದ ಹೇಳಿದ. ಹೇಳಿದ ಮೇಲೆ ನಿಜವಾಗಿಯೂ ಕಿರುಚಿದ. ಕಿರುಚುತ್ತೇನೆ ಎಂದು ಮೊದಲೇ ನೋಟೀಸು ಕೊಟ್ಟು ಕಿರುಚುವ ಮಗುವನ್ನು ಯಾರು ಕಂಡಿದ್ದಾರೆ? ನನ್ನ ಕಣ್ಣು ತುಂಬಿ ಬಂತಮ್ಮ. ಮಾತಿನ ಡಾಕ್ಟರಿಗೆ ಹೇಳಿದಾಗ ಅವರೂ ಬೆರಗಾಗಿ ಅವನ ಪುಸ್ತಕದಲ್ಲಿ ತಾರೀಖು ಹಾಕಿ ಬರೆದುಕೊಂಡರು, ಒಂದೇ ಭಾಷೆಯ ಪಥ್ಯಕ್ಕೆ ಫಲ ಸಿಕ್ಕಿತು ಎಂದರು. ಭವಾನಿಗೂ ನನಗೂ ಮಾತ್ರ ಇದರಲ್ಲಿ ಜಗಳ. ಅವನು ಆ ಪದ ಹೇಳಿದ ಕೂಡಲೇ ಅವಳು ಓಡಿ ಬಂದು ಪಟ್ಟಿ ಬಿಚ್ಚಿ ಎತ್ತಿಕೊಂಡುಬಿಡುತ್ತಿದ್ದಳು, ಅವನು ಸುಮ್ಮನಾಗುತ್ತಿದ್ದ. ಹಾಗೆ ಮಾಡಿದರೆ ಕಿರುಚಿದ್ದಕ್ಕೆ ಬಹುಮಾನ ಕೊಟ್ಟಂತಾಗುತ್ತದೆ ಎಂದು ನಾನು ತಡೆದೆ. 'ಅದು ಹಟದ ಮುಖ ಅಲ್ಲ ಕಣ್ರೀ' ಎಂದು ಅವನ ಕಿವಿಗೆ ಬೀಳದಂತೆ ಕನ್ನಡದಲ್ಲಿ ಹೇಳುತ್ತಿದ್ದಳು. ಆಮೇಲೆ ಅವಳ ಚಾದರ ಬಂತು, ಕಿರುಚುವುದೂ ಕಡಿಮೆಯಾಯಿತು. ಅದು ಚಾದರದಿಂದ ಎಂದು ಅವಳು, ನನ್ನ ಶಿಸ್ತಿನಿಂದ ಎಂದು ನಾನು.

ಹೊಸ ಜಾಗವೆಂದು ಅಲ್ಲಿ ಮತ್ತೆ ಶುರು ಮಾಡಿದ್ದಾನಂತೆ. ಭಾನುವಾರ ಸಂಜೆಯಿಂದ ಆ ಪದ ಬಿಟ್ಟು ಬೇರೆ ಮಾತಿಲ್ಲವಂತೆ. ನಿನ್ನೆ ಕೌಸಲ್ಯಾ ಅವರು ಫೋನಿನಲ್ಲಿ ನಗುತ್ತಾ ಹೇಳಿದರು, ಅವನು ಹಾಗೆಂದಾಗಲೆಲ್ಲ ಅಲ್ಲಿಯವರೆಲ್ಲ ಸೇರಿ ಕಿರುಚು ಕಂದ, ಎಷ್ಟು ಬೇಕೋ ಅಷ್ಟು ಕಿರುಚು ಎಂದು ಉತ್ತರ ಕೊಡುತ್ತಾರಂತೆ. ಯಾರೂ ಹತ್ತಿರ ಹೋಗುವುದಿಲ್ಲ, ತಾನೇ ದಣಿದು ನಿಲ್ಲಿಸುತ್ತಾನೆ, ನೀವು ಹೇಳಿದ ಹಾಗೇ ನಡೆಸುತ್ತಿದ್ದೇವೆ ಎಂದರು. ಹೌದು, ಸೇರಿಸುವಾಗ ನಾನೇ ಫಾರಂನಲ್ಲಿ ಬರೆದು ಕೊಟ್ಟಿದ್ದೆ, ಕಿರುಚಿದರೆ ಪಟ್ಟಿ ಬಿಚ್ಚಬಾರದು ಎಂದು. ಫೋನಿಟ್ಟ ಮೇಲೆ ಯಾಕೋ ಊಟ ಸೇರಲಿಲ್ಲ. ಮಗುವನ್ನು ಬಿಟ್ಟಿರುವ ಸಂಕಟ, ಇನ್ನೇನು.

ಮಗುವಿನ ನಾಮಕರಣಕ್ಕೆ ನೀನು ಬರಲೇಬೇಕು, ಆಗ ನಾನೇ ಬಂದು ಕರೆತರುತ್ತೇನೆ. ಅಷ್ಟರಲ್ಲಿ ಇವನೂ ಮನೆಗೆ ಬಂದಿರುತ್ತಾನೆ. ನಿನ್ನ ಮುಂದೆಯೂ ಆ ಪದ ಹೇಳಿಯೇ ಹೇಳುತ್ತಾನೆ, ಗಾಬರಿಯಾಗಬೇಡ. ನೀನು ಈಗಲೇ ಕಲಿತುಕೋ, ಮೊಮ್ಮಗನ ಮೊದಲ ತಮಿಳು ಪಾಠ. ನಿನಗೆ ಓದಲು ಬರುವಂತೆ ನಮ್ಮ ಅಕ್ಷರದಲ್ಲೇ ಬರೆಯುತ್ತೇನೆ: ಕತ್ತು.

ತೋಟದ ಮನೆ ವಿಷ್ಣುಮೂರ್ತಿಯವರಿಗೆ ನಮಸ್ಕಾರ ತಿಳಿಸು. ಮಾತ್ರೆ ತಪ್ಪಿಸಬೇಡ, ಬಾವಿಯ ಮೆಟ್ಟಿಲು ಇಳಿಯಬೇಡ. ಭವಾನಿ ನಿನ್ನ ಕಾಲಿಗೆ ನಮಸ್ಕಾರ ಹೇಳಿದ್ದಾಳೆ. ಹುಟ್ಟುವ ಮಗುವಿಗೂ ನಿಶಾಂತನಿಗೂ ನಿನ್ನ ಆಶೀರ್ವಾದ ಇರಲಿ.

ನಿನ್ನ ಮಗ,
ವಿಶ್ವ

ತಾ.ಕ. ಸದಾನಂದ ಕಾಯುತ್ತಿದ್ದಾರೆ. ಒತ್ತಕ್ಷರ ಸರಿಯಿದೆಯೇ ಎಂದು ಮಡಿಸುವ ಮುಂಚೆ ಒಮ್ಮೆ ಓದಿದೆ. ಅಮ್ಮ, ಅದು ತಮಿಳಲ್ಲ. ನೀನು ಎಣ್ಣೆ ನೀರು ಹಾಕುವಾಗ ಅವನ ಮೈ ಮುಟ್ಟಿ ಮುಟ್ಟಿ ಕಣ್ಣೆಲ್ಲಿ, ಮೂಗೆಲ್ಲಿ, ಕತ್ತೆಲ್ಲಿ ಎಂದು ಕೇಳುತ್ತಿದ್ದೆ. ನಾನು ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತಿದ್ದೆ. ನಾಲ್ಕು ತಿಂಗಳಿಂದ ಅವನು ಎಲ್ಲಿ ನೋಯುತ್ತದೆ ಎಂದು ನನಗೆ ಕನ್ನಡದಲ್ಲೇ ಹೇಳುತ್ತಿದ್ದಾನೆ. ಭವಾನಿಗೆ ಇನ್ನೂ ತಿಳಿಸಿಲ್ಲ, ಹೇಗೆ ತಿಳಿಸಲಿ? ನೀನು ಈ ಕಾಗದ ಕೈಗೆ ಸಿಕ್ಕ ಕೂಡಲೇ ಹೊರಟು ಬಾ, ಕನ್ನಡದಲ್ಲೇ ಮಾತಾಡು. ಈಗ ತಾನೇ ಎಣ್ಣೂರಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮುಂಚೆಯೇ ಕೌಸಲ್ಯಾ ಅವರು ಖುಷಿಯಿಂದ, ಒಳ್ಳೆಯ ಸುದ್ದಿ ಸಾರ್, ಇವತ್ತು ಬೆಳಿಗ್ಗೆಯಿಂದ ಹುಡುಗ ಒಂದು ಸಲವೂ ಆ ಮಾತು ಆಡಿಲ್ಲ, ಕಿರುಚಿಯೂ ಇಲ್ಲ ಎಂದರು. ಪಟ್ಟಿ ಬಿಚ್ಚಿ ಎನ್ನುವಷ್ಟರಲ್ಲಿ ಲೈನು ಕಡಿಯಿತು. ಮತ್ತೆ ಮೂರು ಸಲ ಮಾಡಿದೆ, ಯಾರೂ ಎತ್ತುತ್ತಿಲ್ಲ. ಬೆಳಿಗ್ಗೆಯಿಂದ ಕುರ್ಚಿಯಲ್ಲೇ ಇದ್ದಾನಂತೆ. ನಾನು ಹೊರಟೆ.