ಉಡಿ ತುಂಬಿ ಕಳಿಸಿದ ಗಿಡಗಳು

ಹಾನಗಲ್ಲ
ತಾ. ೧೬-೧೧-೧೯೩೮

ಚಿರಂಜೀವಿ ಸೌಭಾಗ್ಯವತಿ ಹೊನ್ನವ್ವಗೆ,

ನಿನ್ನ ಅಪ್ಪನ ಮನಸಾರೆ ಆಶೀರ್ವಾದ. ಚಿಕ್ಕೇರೂರಿನಲ್ಲಿ ನೀನು, ಅಳಿಯಂದಿರು, ನಿನ್ನ ಅತ್ತೆಯವರು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆಯದೆ ಕೂತೆನೆಂದು ಬೈಯಬೇಡ. ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು. ಸಿಟ್ಟಿನಲ್ಲಿ ಮಗಳಿಗೆ ಬರೆಯಬಾರದೆಂದು ಮಸಿಯ ದೌತಿ ಮುಚ್ಚಿಡುತ್ತಿದ್ದೆ. ಈಗ ಮುಕ್ಕಾಲು ಪಾಲು ಇಳಿದಿದೆ.

ಸುದ್ದಿ ಇಷ್ಟೇ. ನಾನು ಕುಂಡದಲ್ಲಿ ಗಿಡ್ಡವಾಗಿ ಬೆಳೆಸಿದ ಮರಗಳು ಹೋದವು, ಹನ್ನೊಂದಕ್ಕೆ ಹನ್ನೊಂದೂ.

ದೀಪಾವಳಿ ಮುಗಿಸಿ ಸವಣೂರಿಗೆ ಹೋಗಿದ್ದೆ. ಅಲ್ಲಿಯ ದೊಡ್ಡ ಹುಣಸೆಮರಗಳನ್ನು (ಹೆಸರಿಗೆ ಹುಣಸೆ, ಜಾತಿಯೇ ಬೇರೆ) ನೀನು ಸಣ್ಣವಳಿದ್ದಾಗ ನೋಡಿದ್ದೀಯ, ಹತ್ತು ಮಂದಿ ಕೈ ಹಿಡಿದರೂ ಅಪ್ಪಲಾಗದ ಬೊಡ್ಡೆ. ಅಂಥ ಮರವನ್ನು ಗೇಣುದ್ದದ ಕುಂಡದಲ್ಲಿ ಕೂಡಿಸಬೇಕೆಂಬುದು ನನ್ನ ಬಹಳ ದಿನದ ಹಟ. ಬೀಜ ಸಿಕ್ಕವು. ನಾಲ್ಕು ದಿನಕ್ಕೆ ಹಿಗ್ಗುತ್ತ ಬಂದರೆ ಹಿತ್ತಲ ಕಟ್ಟೆ ಬರಿದು, ಕುಂಡಗಳೆಲ್ಲ ಮೂಲೆಯಲ್ಲಿ ಬೋರಲು.

"ಗಿಡಾ ಎಲ್ಲಿ?" ಅಂದೆ.

"ಹೊಲಕ್ಕ ಕಳಿಸೇನ್ರಿ," ಅಂದಳು ನಿಮ್ಮವ್ವ. "ಬರಿಗೈಲೆ ಕಳಿಸಿಲ್ಲ. ಒಂದೊಂದಕ್ಕೂ ಉಡಿ ತುಂಬೇನಿ."

ನಿಜವೇ. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ತುಂಡು. ಗಂಡನ ಮನೆಗೆ ಹೊರಟವರಿಗೆ ಎರೆಯುವಂತೆ ಬೇರನ್ನೆಲ್ಲ ಅರಿಶಿನ ನೀರಲ್ಲಿ, ಕಾಳಿನಷ್ಟೂ ಮಣ್ಣುಳಿಯದಂತೆ ತೊಳೆದಿದ್ದಾಳೆ. ನಮ್ಮ ಹೊಲ ನೋಡಿಕೊಳ್ಳುವ ಮಾರೆಪ್ಪ ಅವನ್ನು ನಡುಮಧ್ಯಾಹ್ನದ ಬಿಸಿಲಲ್ಲಿ ನೆಟ್ಟಿದ್ದಾನೆ.

"ಯಾಕ?"

"ಇಪ್ಪತ್ನಾಕು ವರ್ಷ ಕತ್ತರಿಸಿ ಕತ್ತರಿಸಿ ಕುಳ್ಳ ಮಾಡೀರಿ. ಗಿಡಾ ಬೆಳ್ಯಾಕ ಬಿಡದ ಮನ್ಯಾಗ ಮಗಳ ಬಳ್ಳಿ ಹ್ಯಾಂಗ ಹಬ್ಬತೇತ್ರಿ? ಮದಿವ್ಯಾಗಿ ಎಂಟು ವರ್ಷಾತು ಆಕಿಗೆ."

ಹೊಲಕ್ಕೆ ಓಡಿದೆ. ನೆರಳು ಕಟ್ಟಿದೆ, ಹತ್ತು ದಿನ ನೀರು ಹೊತ್ತೆ. ಬನ್ನಿ ಹೋಯಿತು, ಆಲ ಹೋಯಿತು, ಅತ್ತಿ ಹೋಯಿತು. ನೀನು ಹುಟ್ಟಿದ ವರ್ಷ ಹಾಕಿದ ಹುಣಸೆ ಎಲ್ಲಕ್ಕಿಂತ ಕಡೆಗೆ ಒಣಗಿತು. ಉಗುರಿನಿಂದ ಟೊಂಗೆ ಕೆರೆದು ನೋಡಿದೆ, ಒಳಗೆ ಹಸಿರಿಲ್ಲ. ಬದುವಿನ ಮೇಲೆ ಕೂತು ಅತ್ತೆ, ಹೊನ್ನವ್ವ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಿಮ್ಮವ್ವನೊಡನೆ ಒಂದು ವಾರ ಮಾತು ಬಿಟ್ಟೆ, ಅವಳು ಊಟ ಬಿಟ್ಟಳು. "ನೆಲಾ ಸಿಕ್ರ ಬೆಳೀತಾವಂತ ತಿಳ್ಕೊಂಡಿದ್ದೆ," ಅಂತ ಒಂದೇ ಸಮನೆ ಅತ್ತಳು. ಅವಳನ್ನು ಇನ್ನೇನು ಬೈಯಲಿ?

ಈಗ ಕೇಳು. ಸವಣೂರಿನ ಬೀಜ ಬಿಸಿನೀರಲ್ಲಿ ನೆನೆಹಾಕಿ ಆರು ಕುಂಡಗಳಲ್ಲಿ ಊರಿದ್ದೇನೆ. ನಮ್ಮ ಮನೆಯಲ್ಲಲ್ಲ, ಪಕ್ಕದ ಮನೆಯ ಜಮಾಲಸಾಬರ ಹಿತ್ತಲಲ್ಲಿ. ಟಪಾಲು ಹಂಚುವ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ನನ್ನನ್ನು ಛೇಡಿಸುವುದೇ ಉದ್ಯೋಗ.

"ಮಾಸ್ತರ, ಅರವತ್ತೆರಡಾತು ನಿಮಗ. ಇದು ದೊಡ್ಡದಾಗೂದು ಯಾವಾಗ?"

"ದೊಡ್ಡದಾಗಬಾರ್ದಂತನ ಇಷ್ಟೆಲ್ಲಾ ಮಾಡಾಕತ್ತೇನ್ರೀ!"

ಕೆಮ್ಮು ಬರುವತನಕ ನಕ್ಕರು. ಈ ಬೀಜ ಮೊಳೆಯದಿದ್ದರೆ ಮಳೆಗಾಲಕ್ಕೆ ಮತ್ತೆ ಊರುತ್ತೇನೆ. ಕತ್ತರಿ ಹಿಡಿಯುವ ಬೆರಳಿರುವತನಕ ಬಿಡುವವನಲ್ಲ. ಒಂದು ಮಾತು ನೆನಪಿಡು. ಆ ಕುಳ್ಳ ಹುಣಸೆ ಎರಡು ವರ್ಷ ಕಾಯಿ ಬಿಟ್ಟಿತ್ತು. ನಿನ್ನ ಕಷ್ಟಕ್ಕೂ ಕುಂಡಕ್ಕೂ ಸಂಬಂಧವಿಲ್ಲ. ನಿನ್ನಲ್ಲೂ ಯಾವ ದೋಷವಿಲ್ಲ. ಯಾರಾದರೂ ಹಾಗಂದರೆ ನನ್ನೆದುರು ಅನ್ನಲಿ.

ಶಿವನು ನಿನ್ನನ್ನು ಮೈಯಲ್ಲೂ ಮನಸ್ಸಿನಲ್ಲೂ ಗಟ್ಟಿಯಾಗಿಟ್ಟಿರಲಿ.

ನಿನ್ನ ಅಪ್ಪ,
ಉಳವಪ್ಪ

ತಾ.ಕ.: ಇಷ್ಟು ಬರೆದು ಮಡಿಸುವಾಗ ನಿಮ್ಮವ್ವ ತಾನಾಗಿ ಪೆಟ್ಟಿಗೆ ತೆಗೆದು ನೀನು ಅವಳಿಗೆ ಗುಟ್ಟಾಗಿ ಕಳಿಸಿದ್ದ ಕಾಗದ ಕೊಟ್ಟಳು. "ಮೂರನೇ ಬಸರೂ ನಿಲ್ಲಲಿಲ್ಲ ಅವ್ವಾ. ಆ ಗಿಡಾ ಹ್ಯಾಂಗಾರ ಮಾಡಿ ಹೊರಗ ಹಾಕು. ಅಪ್ಪಗ ಹೇಳಬ್ಯಾಡ, ಅಂವಗ ಗಿಡ ಅಂದ್ರ ಜೀವ." ಅವಳಿಗೆ ಓದು ಬಾರದು. ಎಂಟು ವರ್ಷ ನಿನ್ನ ಕಾಗದಗಳನ್ನೆಲ್ಲ ನಾನೇ ಓದಿ ಹೇಳಿದವನು. ಇದೊಂದನ್ನು ಜಮಾಲಸಾಬರಿಂದ ಓದಿಸಿಕೊಂಡಿದ್ದಾಳೆ. ನನ್ನನ್ನೇ ಕೇಳಿದ್ದರೆ ಹನ್ನೊಂದನ್ನೂ ಮಣ್ಣುಸಹಿತ ನನ್ನ ಕೈಯಾರೆ ಇಳಿಸುತ್ತಿದ್ದೆ, ಒಂದೂ ಸಾಯುತ್ತಿರಲಿಲ್ಲ. ಅದು ಹೋಗಲಿ. ಮೂರು ಸಲ ನೀನು ಹಾಗೆ ಅತ್ತಿದ್ದೀಯ, ನನಗೆ ಒಂದು ಸಲವೂ ಗೊತ್ತಾಗಲಿಲ್ಲವಲ್ಲ ಮಗಳೇ. ಬರುವ ಸೋಮವಾರ ಚಕ್ಕಡಿ ಕಟ್ಟಿಸಿಕೊಂಡು ಬರುತ್ತೇನೆ. ಗಿಡದ ಮಾತೆತ್ತುವುದಿಲ್ಲ. ನಿನ್ನ ಹತ್ತಿರ ಸುಮ್ಮನೆ ಕೂಡುತ್ತೇನೆ.