ಕಾವಲಿಗೆ ಕಾಗೆ ಕರೆದ ಮಗನಿಗೆ

ಅರಸೀಕೆರೆ
ಸೋಮವಾರ, ೧೬ ಜೂನ್ ೨೦೨೫

ಚಿರಂಜೀವಿ ರಾಘವೇಂದ್ರನಿಗೆ ಅಮ್ಮನ ಆಶೀರ್ವಾದ.

ನಾನು ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ನೀನೂ ಮಾಲಿನಿಯೂ ಹಾಸನದಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಅಪ್ಪನ ವರ್ಷದ ತಿಥಿ ಮುಗಿಸಿ ನೀವು ಹೋದ ಕೂಡಲೇ ಬರೆಯಬೇಕಿತ್ತು, ತಡವಾಯಿತು. ಈಗ ಸಿಟ್ಟಿನಲ್ಲೇ ಬರೆಯಲು ಕೂತಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನೆ ದೇವೀರಪ್ಪನವರ ಜೊತೆ ಜಾವಗಲ್ ಕಡೆಯ ಕಾವಲಿಗೆ, ಅದೇ ಆ ಹುಲ್ಲುಗಾವಲಿಗೆ, ಹೋಗಿದ್ದೆ. ನಿಮ್ಮಪ್ಪನ ಜೊತೆ ವರ್ಷಗಟ್ಟಲೆ ಅಲ್ಲಿ ಹಕ್ಕಿ ಫೋಟೊ ತೆಗೆದವರು ಅವರು. ನೀನು ಒಂದು ದಿನವೂ ಬಂದವನಲ್ಲ, ನಿನಗೆ ಗೊತ್ತಿರಲಿಕ್ಕಿಲ್ಲ. ಅಪ್ಪನ ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಹೋದೆ. ನಿಮ್ಮಪ್ಪ ಬೋರಲು ಮಲಗಿ ನೆಲಗುಬ್ಬಿಯ ಫೋಟೊ ತೆಗೆಯುತ್ತಿದ್ದ ಜಾಗದಲ್ಲಿ ಸಾಲಾಗಿ ಗುಂಡಿ. ಪಕ್ಕದಲ್ಲಿ ಹೊಂಗೆ, ಬೇವಿನ ಸಸಿ ತುಂಬಿದ ಗಾಡಿ. ಒಂದು ಬೋರ್ಡು: ‘ಸುಬ್ಬರಾಮಯ್ಯ ಸ್ಮೃತಿವನ’. ಯಾರು ಹೇಳಿದ್ದು ಇದನ್ನೆಲ್ಲ ಎಂದು ಗುಂಡಿ ತೋಡುವವನನ್ನು ಕೇಳಿದೆ.

“ಅವ್ರ ಮಗ ಕಣಮ್ಮ. ತೀರೋದೋರ ಆಸೆ ಇತ್ತಂತೆ,” ಅಂದ.

ಆಸೆಯಂತೆ! ತಿಥಿಯ ದಿನ ಹಿತ್ತಲಲ್ಲಿ ಇಟ್ಟ ಪಿಂಡವನ್ನು ಕಾಗೆ ಮುಟ್ಟಲಿಲ್ಲ. ಏನೋ ಆಸೆ ಉಳಿದಿದೆ, ನಡೆಸಿಕೊಡುತ್ತೇನೆಂದು ಮಾತು ಕೊಡಿ ಎಂದರು ಪುರೋಹಿತರು. ನೀನು ಕೈ ಮುಗಿದು, “ಅಪ್ಪಾ, ನಿಮ್ಮ ಕಾವಲಲ್ಲಿ ನಿಮ್ಮ ಹೆಸರಲ್ಲಿ ಒಂದು ತೋಪು ಮಾಡ್ತೀನಿ,” ಅಂದೆ. ಎಲ್ಲಿತ್ತೋ ಕಾಗೆ, ಬಂದು ಕುಕ್ಕಿತು. ಎಲ್ಲರೂ ಕಣ್ಣೊರೆಸಿಕೊಂಡರು. ಮಾತಿಗೆ ಅಂದಿರಬೇಕು ಎಂದು ನಾನು ನೆಂಟರೆದುರು ನುಂಗಿಕೊಂಡೆ.

ಕುಕ್ಕದೆ ಏನು ಮಾಡುತ್ತದೆ? ಮನೆ ಕಟ್ಟಿಸಿಕೊಡುತ್ತೇನೆಂದರೆ ಯಾವ ಕಾಗೆ ಬೇಡ ಎನ್ನುತ್ತದೆ? ನೆಲಗುಬ್ಬಿ ಮೊಟ್ಟೆ ಇಡುವುದು ಬರೀ ನೆಲದ ಮೇಲೆ. ಅಲ್ಲಿ ಮರ ಬಂದರೆ ಕಾಗೆಗೆ ಕೂರಲು ಜಾಗವಾಯಿತು. ಕೂತು ನೋಡಿದರೆ ಮೊಟ್ಟೆ, ಮರಿ ಎಲ್ಲ ಅದರ ಬಾಯಿಗೆ. ಕ್ಯಾಮೆರಾ ಕೆಳಗಿಟ್ಟು ಟವೆಲು ಬೀಸಿ ಕಾಗೆ ಓಡಿಸುತ್ತಿದ್ದ ಮನುಷ್ಯ ಕಣೋ ನಿಮ್ಮಪ್ಪ. ಅಂಥವರ ಪಿಂಡದ ಹತ್ತಿರ ಕಾಗೆ ಸುಮ್ಮನೆ ಬಂದೀತೇ? ಹೆದರಿಕೊಂಡಿತ್ತು ಅದು.

ನಿಂತು ಗುಂಡಿ ಮುಚ್ಚಿಸಿದೆ. ಗಾಡಿ ವಾಪಸು ಕಳಿಸಿದೆ. ಬೋರ್ಡು ನಮ್ಮ ಬಟ್ಟೆ ಒಗೆಯುವ ಕಲ್ಲಿಗೆ ಒರಗಿದೆ, ಬಂದು ತೆಗೆದುಕೊಂಡು ಹೋಗು. ಮಾತು ತಪ್ಪಿದೆನೆಂಬ ಹೆದರಿಕೆಯಿದ್ದರೆ ಸಸಿಗಳನ್ನು ನೀನು ಪಾಠ ಮಾಡುವ ಸ್ಕೂಲಿನ ಹಿಂದೆ ನೆಡು. ಕಾವಲಲ್ಲಿ ಮತ್ತೆ ಗುಂಡಿ ತೋಡಿಸಿದರೆ ಅದರಲ್ಲಿ ನಾನು ಹೋಗಿ ಕೂರುತ್ತೇನೆ, ನನ್ನ ಮೇಲೆ ಮಣ್ಣೆಳೆ.

ಹೊರಡುವಾಗ ಒಂದು ನೆಲಗುಬ್ಬಿ ಸಿಳ್ಳೆ ಹಾಕುತ್ತ ನೆಟ್ಟಗೆ ಮೇಲೆದ್ದಿತು. ಕ್ಯಾಮೆರಾದ ಗುಂಡಿ ಒತ್ತಿದೆ. ಬರೀ ಆಕಾಶ ಬಂದಿದೆ. ಮೂಲೆಯಲ್ಲಿರುವ ಚುಕ್ಕೆಯೇ ಹಕ್ಕಿ. ದೇವೀರಪ್ಪನವರು ನಗಲಿಲ್ಲ, ಪ್ರಿಂಟು ಹಾಕಿಸಿಕೊಟ್ಟರು. ಇದರ ಜೊತೆ ಇಟ್ಟಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸಿಟ್ಟು ಸಿಟ್ಟಿನ ಜಾಗದಲ್ಲಿರಲಿ, ನೀವಿಬ್ಬರೂ ತಣ್ಣಗಿರಿ.

ಇಂತಿ ನಿನ್ನ ಅಮ್ಮ,
ಹಂಸಾ

ಮರೆತ ಮಾತು: ಆವತ್ತು ಕಾಗೆ ಬಾರದಿದ್ದಾಗ ನಾನು ಹಿತ್ತಲ ಬಾಗಿಲಲ್ಲೇ ನಿಂತಿದ್ದೆ. ಅವರ ಆಸೆ ಏನಿರಬಹುದೆಂದು ಪುರೋಹಿತರು ನಿನ್ನನ್ನು ಕೇಳಿದರು, ನೀನು ಚಿಕ್ಕಪ್ಪನನ್ನು ಕೇಳಿದೆ, ಅಡುಗೆಯವನೂ ಒಂದು ಸಲಹೆ ಕೊಟ್ಟ. ನನ್ನನ್ನು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. “ರಾಘು ಒಂದು ಸಲ ನನ್ನ ಜೊತೆ ಕಾವಲಿಗೆ ಬರಬೇಕು ಕಣೇ,” ಅನ್ನುತ್ತಿದ್ದರು ನಿಮ್ಮಪ್ಪ.